ಸಂಪಾಜೆಯ ಎರಡು ನಕ್ಷೆಗಳು



ಸಂಪಾಜೆ ಎಂಬ ಹೆಸರಿನ ಗ್ರಾಮ ಪಂಚಾಯತ್ ಎರಡಿವೆ ಎಂಬುದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಒಂದು ದಕ್ಷಿಣ ಕನ್ನಡದ್ದು, ಇನ್ನೊಂದು ಕೊಡಗಿನದು. ಹೆದ್ದಾರಿ ಒಂದೇ, ಪಯಸ್ವಿನಿ ಹೊಳೆ ಒಂದೇ, ನೆಂಟರು ಎರಡೂ ಕಡೆ. ಕಡತಗಳ ದಾರಿ ಮಾತ್ರ ಬೇರೆ. ಒಂದರ ಕಾಗದ ಸುಳ್ಯದ ಮೂಲಕ ಮಂಗಳೂರಿಗೆ ಇಳಿಯುತ್ತದೆ, ಇನ್ನೊಂದರದ್ದು ಘಾಟಿ ಹತ್ತಿ ಮಡಿಕೇರಿಗೆ ಹೋಗುತ್ತದೆ.

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಈ ಏರ್ಪಾಡಿನ ಬೆಲೆ ಏನೆಂದು ತಿಳಿಯಿತು. ಜೋಡುಪಾಲ ಇರುವುದು ಕೊಡಗಿನಲ್ಲಿ. ಆದರೆ ಮಡಿಕೇರಿಯ ಕಡೆಯ ರಸ್ತೆಯೇ ಕುಸಿದಿತ್ತು. ಹಾಗಾಗಿ ಮನೆ ಕಳೆದುಕೊಂಡವರು ಕೆಳಗಿಳಿದು ಬಂದದ್ದು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಕಡೆಗೆ. ಅವರನ್ನು ಎತ್ತಿ ತಂದವರು, ಗಂಜಿ ಬೇಯಿಸಿದವರು ಹೆಚ್ಚಿನವರು ಸುಳ್ಯ ಸೀಮೆಯವರು. ಆ ದಿನ ಕೈಕಾಲು ಇದ್ದದ್ದು ಗಡಿಯ ಈಚೆ. ಯಾವ ಮನೆ ಎಲ್ಲಿದೆ, ತೋಟದ ಹಿಂದಿನ ಕಾಲುದಾರಿ ಎಲ್ಲಿ ಹೊರಳುತ್ತದೆ, ಯಾವ ಮನೆಯಲ್ಲಿ ನಡೆಯಲಾಗದ ಮುದುಕರಿದ್ದಾರೆ ಎಂಬ ದಾಖಲೆ ಇದ್ದದ್ದು ಗಡಿಯ ಆಚೆ. ಊರಿನ ಹುಡುಗರಿಗೆ ದಾರಿ ಬಾಯಿಪಾಠವಾಗಿತ್ತು, ಅದರಿಂದ ಜೀವಗಳು ಉಳಿದವು. ಮುಂದಿನ ಸಲವೂ ಅದೇ ಹುಡುಗರು ಊರಲ್ಲೇ ಇರುತ್ತಾರೆ ಎಂದು ನಂಬಿ ಕೂರುವಂತಿಲ್ಲ. ಅವರಲ್ಲಿ ಎಷ್ಟೋ ಮಂದಿ ಈಗ ಬೆಂಗಳೂರಿನಲ್ಲಿದ್ದಾರೆ.

ಇವತ್ತಿನ ನನ್ನ ಮಾತು ಇಷ್ಟೇ. ಸುಳ್ಯ, ಪುತ್ತೂರು, ಕಡಬ ಈ ಮೂರು ತಾಲೂಕುಗಳ ಪಂಚಾಯತ್‌ಗಳು, ಪುತ್ತೂರಿನ ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತ್‌ಗಳು ಸೇರಿ ತಮ್ಮ ನೆಲದ ನಕ್ಷೆಯನ್ನು ಒಂದೇ ಕಡೆ ಇಟ್ಟುಕೊಳ್ಳಬೇಕು. ಅವರವರ ಪಾಲನ್ನು ಅವರವರೇ ತಿದ್ದಬೇಕು, ಎಲ್ಲರ ಪಾಲನ್ನೂ ಎಲ್ಲರೂ ನೋಡುವಂತಿರಬೇಕು. ಘಾಟಿಯ ಮೇಲಿನವರನ್ನೂ ಕಾಸರಗೋಡು ಕಡೆಯವರನ್ನೂ ಅದಕ್ಕೆ ಕರೆಯಬೇಕು.

ಗಡಿಗೆರೆ ಸರಿದಾಡುವುದು ಈ ಸೀಮೆಗೆ ಹೊಸತಲ್ಲ. ಅಮರಸುಳ್ಯ, ಪುತ್ತೂರಿನ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿತು, ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಹಾಕಿದರು. ಅಷ್ಟರತನಕ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಬೇಕಾಗಿ ಬಂತು. 1837ರಲ್ಲಿ ಸುಳ್ಯದಿಂದ ಹೊರಟ ರೈತರ ದಂಡು ಮಂಗಳೂರಿನ ತನಕ ಹೋದದ್ದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಮುಂದೆ ಕೆನರಾ ಎರಡಾಯಿತು. 1862ರಲ್ಲಿ ಉತ್ತರದ ಪಾಲು ಮುಂಬಯಿಗೆ ಹೋಯಿತು, ನಮ್ಮದು ಮದರಾಸಿನಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರಿಗೆ ಬಂತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು.

ಇದರಲ್ಲಿ ನಕ್ಷೆ ಮಾಡುವವರು ಗಮನಿಸಬೇಕಾದ ಸಂಗತಿಯೊಂದಿದೆ. ಜಾಲ್ಸೂರು, ಮಂಡೆಕೋಲಿನಿಂದ ಆಚೆ ಕಾಲಿಟ್ಟರೆ ಸಿಗುವ ದೇಲಂಪಾಡಿ, ಆದೂರು ಈಗ ಬೇರೆ ರಾಜ್ಯ. ಆದರೆ 1956ರ ತನಕ ಆ ಊರುಗಳ ಅಳತೆ ಪುಸ್ತಕ ಮತ್ತು ನಮ್ಮವರ ಅಳತೆ ಪುಸ್ತಕ ಒಂದೇ ಜಿಲ್ಲೆಯವು, ಒಂದೇ ಮದರಾಸು ಪದ್ಧತಿಯವು. ಅದೇ ಅರುವತ್ತಾರು ಅಡಿಯ ಸರಪಣಿ, ಅದೇ ಎಫ್‌ಎಂಬಿ ಎಂಬ ಅಳತೆ ಪುಸ್ತಕ, ಅದೇ ಸೆಂಟ್ಸಿನ ಲೆಕ್ಕ. ಕೊಡಗಿನ ಸಂಪಾಜೆ ಈಗ ನಮ್ಮದೇ ರಾಜ್ಯದಲ್ಲಿದೆ, ಆದರೆ ಅಲ್ಲಿ ಜಮ್ಮಾ, ಬಾಣೆಗಳ ಬೇರೆಯೇ ಕಂದಾಯ ಪದ್ಧತಿ. ಹಾಗಾಗಿ ರಾಜ್ಯದ ಗಡಿ ದಾಟಿ ನಕ್ಷೆ ಜೋಡಿಸುವುದು ಅಸಾಧ್ಯವೆಂದೂ ರಾಜ್ಯದೊಳಗೆ ಜೋಡಿಸುವುದು ಸಲೀಸೆಂದೂ ತಿಳಿಯಬಾರದು. ಇಲ್ಲಿ ಎಷ್ಟೋ ಕಡೆ ಇದಕ್ಕೆ ತಿರುಗಾಮುರುಗಾ ಇರುವ ಸಾಧ್ಯತೆಯಿದೆ.

ತೀರ ಈಚಿನದು 2018ರಲ್ಲಿ ಆರಂಭವಾದ ಕಡಬ ತಾಲೂಕು. ಪುತ್ತೂರಿನ ಮತ್ತು ಸುಳ್ಯದ ಗ್ರಾಮಗಳು ಅದಕ್ಕೆ ಸೇರಿದವು. ಸುಬ್ರಹ್ಮಣ್ಯವೂ ಸುಳ್ಯದಿಂದ ಅಲ್ಲಿಗೆ ಹೋಯಿತು. 2011ರ ಜನಗಣತಿಯ ಪುಸ್ತಕ ತೆರೆದರೆ ಕಡಬ ತಾಲೂಕು ಎಂಬುದೇ ಇಲ್ಲ. ಕಡಬದ ಜನಸಂಖ್ಯೆ ಎಷ್ಟಿತ್ತು, ಶಾಲೆ ಎಷ್ಟಿದ್ದವು ಎಂದು ಕೇಳಿದರೆ ಎರಡು ಹಳೆಯ ತಾಲೂಕುಗಳ ಪಟ್ಟಿಯಿಂದ ಗ್ರಾಮ ಗ್ರಾಮವಾಗಿ ಹೆಕ್ಕಿ ಕೂಡಿಸಬೇಕು. ಗ್ರಾಮವೇ ಘಟಕವಾಗಿರುವ ಸಾಮಾನ್ಯ ನಕ್ಷೆಯೊಂದಿದ್ದರೆ ತಾಲೂಕಿನ ಗೆರೆ ಎತ್ತ ಸರಿದರೂ ಒಳಗಿನ ಮಾಹಿತಿ ಕದಲುವುದಿಲ್ಲ.

ಇನ್ನು ನೀರಿನ ಮಾತು. ಪುತ್ತೂರು ಪೇಟೆ ಕುಡಿಯುವುದು ನೆಕ್ಕಿಲಾಡಿಯಲ್ಲಿ ಎತ್ತುವ ಕುಮಾರಧಾರೆಯ ನೀರನ್ನು. ಆ ನೀರು ಸುಬ್ರಹ್ಮಣ್ಯವನ್ನೂ ಕಡಬದ ಗ್ರಾಮಗಳನ್ನೂ ದಾಟಿ ಬರುತ್ತದೆ. ಸುಳ್ಯ ಪೇಟೆಗೆ ಕಲ್ಲುಮುಟ್ಲುವಿನಲ್ಲಿ ಪಯಸ್ವಿನಿಯಿಂದ ನೀರು, ಅದು ಹರಿದು ಬರುವುದು ಎರಡೂ ಸಂಪಾಜೆಗಳ ನಡುವಿನಿಂದ. ಸುಳ್ಯ ದಾಟಿದ ಮೇಲೆ ಅದೇ ಹೊಳೆ ಚಂದ್ರಗಿರಿಯಾಗಿ, ಬಾವಿಕ್ಕೆರೆಯಲ್ಲಿ ಕಾಸರಗೋಡು ಪೇಟೆಗೆ ಕುಡಿಯುವ ನೀರಾಗುತ್ತದೆ. ಹೊಳೆಗೆ ಯಾವ ಚರಂಡಿ ಎಲ್ಲಿ ಸೇರುತ್ತದೆ, ಕಸ ಎಲ್ಲಿ ಸುರಿಯುತ್ತಾರೆ, ಮರಳು ಎಲ್ಲಿ ತೆಗೆಯುತ್ತಾರೆ, ಬೇಸಗೆಯಲ್ಲಿ ಎಷ್ಟು ಪಂಪು ಇಳಿಯುತ್ತವೆ ಎಂಬುದನ್ನು ಮೇಲಿನ ಪಂಚಾಯತ್ ಗುರುತಿಸಿಟ್ಟರೆ ಅದರ ಮೊದಲ ಲಾಭ ಕೆಳಗಿನವರಿಗೆ. ಹಾಗಾದರೆ ಮೇಲಿನವರು ಯಾಕೆ ಮಾಡಬೇಕು ಎಂದು ಕೇಳಬಹುದು. ಅವರಿಗೂ ಮೇಲೆ ಒಬ್ಬರಿದ್ದಾರೆ, ಅದಕ್ಕೆ.

ನೀರೆಂದಾಗ ಪ್ರತಿ ಪಂಚಾಯತ್‌ನಲ್ಲಿಯೂ ಇರುವ ಪಂಪು ಆಪರೇಟರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಳಗ್ಗೆ ಐದೂವರೆಗೆ ಸ್ವಿಚ್ಚು ಹಾಕುತ್ತಾರೆ. ಕೈಯಲ್ಲೊಂದು ಟಿ ಆಕಾರದ ಕಬ್ಬಿಣದ ಕೀಲಿ. ರಸ್ತೆ ಬದಿಯ ಕಮ್ಯುನಿಸ್ಟ್ ಪೊದೆಯನ್ನು ಕಾಲಿನಿಂದ ಸರಿಸಿ, ಕಲ್ಲುಚಪ್ಪಡಿ ಎತ್ತಿ, ಅಡಿಯಲ್ಲಿರುವ ವಾಲ್ವನ್ನು ಮೂರು ಸುತ್ತು ತಿರುಗಿಸುತ್ತಾರೆ. ನಾಲ್ಕನೇ ಸುತ್ತು ತಿರುಗಿಸಿದರೆ ಎತ್ತರದ ಕಾಲನಿಗೆ ನೀರು ಹತ್ತುವುದಿಲ್ಲವೆಂದು ಅವರಿಗೆ ಗೊತ್ತು. ಪೈಪು ಯಾವ ವರ್ಷದ್ದು, ಎಲ್ಲಿ ಪಿವಿಸಿ, ಎಲ್ಲಿ ಹಳೆಯ ಜಿಐ, ಎಲ್ಲಿ ರಸ್ತೆಯ ಕೆಳಗೆ ಅಡ್ಡ ಹಾದಿದೆ ಎಂಬುದೂ ಗೊತ್ತು. ಇದು ಯಾವ ಕಡತದಲ್ಲಿಯೂ ಇಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನ ಕೆಲಸಕ್ಕೆ ಜೆಸಿಬಿ ಬಂದಾಗ ಹಳೆಯ ಪೈಪು ಎಲ್ಲಿದೆಯೆಂದು ತಿಳಿಯಲು ಊರೂರಿನಲ್ಲಿ ಇಂಥವರನ್ನೇ ಕರೆಯಬೇಕಾಯಿತು. ಕರೆಯದ ಕಡೆ ಪೈಪು ಒಡೆಯಿತು. ಅವರು ನಿವೃತ್ತರಾದ ದಿನ ಪಂಚಾಯತ್ ಹಾರ ಹಾಕಿ ಬೀಳ್ಕೊಡುತ್ತದೆ, ನಕ್ಷೆಯೂ ಅವರ ಜೊತೆ ಮನೆಗೆ ಹೋಗುತ್ತದೆ. ಅವರ ಜೊತೆ ಎರಡು ವಾರ ಮೊಬೈಲು ಹಿಡಿದು ನಡೆದರೆ ಒಂದು ಪಂಚಾಯತ್‌ನ ವಾಲ್ವುಗಳೆಲ್ಲ ನಕ್ಷೆಗೆ ಬರುತ್ತವೆ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಆ ಕೆಲಸಗಾರರಿಗೆ ಸಂಬಳದ ಜೊತೆ ಒಂದಿಷ್ಟು ಗೌರವಧನ ಕೊಡಬೇಕು, ಅಷ್ಟೇ.

ಇಲ್ಲಿನ ನಕ್ಷೆಗಳಲ್ಲಿ ಬಿಟ್ಟುಹೋಗುವ ಇನ್ನೊಂದು ವಸ್ತು ಕಾಲುಸಂಕ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಅಲ್ಲಿಂದ ಮುಂದೆ ಹಲವು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಒಂದು ಹಳ್ಳಿಗೆ ಆಸ್ಪತ್ರೆಯ ದಾರಿ ಇದೆಯೋ ಇಲ್ಲವೋ ಎಂಬುದನ್ನು ಇಂಥ ಸೇತುವೆಗಳು, ಅಡಿಕೆ ಮರದ ಪಾಲಗಳು ತೀರ್ಮಾನಿಸುತ್ತವೆ. ಇವುಗಳ ಎರಡು ತುದಿ ಅನೇಕ ಕಡೆ ಎರಡು ಗ್ರಾಮಗಳಲ್ಲಿವೆ. ರಸ್ತೆಯ ನಕ್ಷೆ ಇಲಾಖೆಗೊಂದರಂತೆ ಇದೆ. ಲೋಕೋಪಯೋಗಿಯದ್ದು ಬೇರೆ, ಜಿಲ್ಲಾ ಪಂಚಾಯತ್‌ನದ್ದು ಬೇರೆ, ಅರಣ್ಯದವರದ್ದು ಬೇರೆ. ನಡೆಯುವವರ ದಾರಿಗೆ ಮಾತ್ರ ಒಡೆಯರಿಲ್ಲ.

2022ರ ಆಗಸ್ಟ್ ಆರಂಭದ ಮಳೆ ಇಲ್ಲಿರುವವರಿಗೆ ಮರೆತಿಲ್ಲ. ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. ಹರಿಹರ, ಕೊಲ್ಲಮೊಗ್ರು ಕಡೆ ಹೊಳೆ ಉಕ್ಕಿತು, ಕಲ್ಲುಗುಂಡಿಗೆ ನೀರು ನುಗ್ಗಿತು. ಮಳೆ ಒಂದೇ, ತಾಲೂಕು ಎರಡು. ಭೂಕುಸಿತದ ಸಾಧ್ಯತೆ ತೋರಿಸುವ ನಕ್ಷೆಗಳು ನಮ್ಮಲ್ಲಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶದ ಗುಡ್ಡಗಾಡು ಪ್ರದೇಶಕ್ಕೆ 1:50,000 ಪ್ರಮಾಣದಲ್ಲಿ ಅವನ್ನು ಮಾಡಿದೆ. ಒಳ್ಳೆಯ ಕೆಲಸ. ಆದರೆ ಆ ಪ್ರಮಾಣದಲ್ಲಿ ಕಾಗದದ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಐವತ್ತು ಮೀಟರ್. ನಮ್ಮ ಕಡೆಯ ಮನೆ, ಅಂಗಳ, ಹಟ್ಟಿ, ಹಿಂದಿನ ಬರೆ ಎಲ್ಲವೂ ಪೆನ್ಸಿಲ್ ಗೆರೆಯೊಳಗೆ ಮುಗಿದುಹೋಗುತ್ತವೆ. ಯಾವ ಮನೆಯ ಹಿಂದಿನ ಬರೆಯನ್ನು ಜೆಸಿಬಿಯಿಂದ ಕಡಿದಿದ್ದಾರೆ, ಕಳೆದ ಮಳೆಯಲ್ಲಿ ಎಲ್ಲಿ ಬಿರುಕು ಕಂಡಿತ್ತು, ಎಲ್ಲಿ ಹಿಂದೆ ಇರದ ಒರತೆ ಎದ್ದಿದೆ ಎಂಬುದನ್ನು ಬಲ್ಲವರು ವಾರ್ಡಿನ ಸದಸ್ಯರು, ಆಶಾ ಕಾರ್ಯಕರ್ತೆಯರು. ಮೇಲಿನಿಂದ ಬಂದ ದೊಡ್ಡ ನಕ್ಷೆಯ ಮೇಲೆ ಇವರ ಸಣ್ಣ ಗುರುತುಗಳು ಕೂರಬೇಕು.

ಆನೆಯ ವಿಷಯದಲ್ಲಿ ನೆರೆಯವರು ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಕಾಸರಗೋಡಿನ ಕಾರಡ್ಕ ಬ್ಲಾಕ್ ಪಂಚಾಯತ್ ತನ್ನ ವ್ಯಾಪ್ತಿಯ ಗ್ರಾಮ ಪಂಚಾಯತ್‌ಗಳನ್ನು ಸೇರಿಸಿ ಗಡಿಯುದ್ದಕ್ಕೆ ತೂಗುವ ಸೌರಬೇಲಿ ಹಾಕುವ ಯೋಜನೆ ಕೈಗೊಂಡಿತು. ಸ್ಥಳೀಯ ಸಂಸ್ಥೆಗಳೇ ಹಣ ಕೂಡಿಸಿ ಮಾಡಿದ ಕೆಲಸ ಅದು. ಬೇಲಿಯ ಈಚೆ ನಮ್ಮ ಮಂಡೆಕೋಲು, ಅಜ್ಜಾವರ, ಆಲೆಟ್ಟಿ. ಅಲ್ಲಿ ಬೇಲಿ ಎಲ್ಲಿ ಮುಗಿಯುತ್ತದೆ, ಎಲ್ಲಿ ಬಾಗಿಲು ಬಿಟ್ಟಿದ್ದಾರೆ ಎಂಬುದು ನಮ್ಮ ಪಂಚಾಯತ್‌ಗಳ ನಕ್ಷೆಯಲ್ಲಿರಬೇಕಲ್ಲವೇ? ನಮ್ಮಲ್ಲಿ ಆನೆ ಇಳಿಯುವ ಜಾಗಗಳು ಅವರ ನಕ್ಷೆಯಲ್ಲಿರಬೇಕಲ್ಲವೇ? ಒಂದು ಕಡೆ ಅಡ್ಡಗಟ್ಟಿದರೆ ಆನೆ ಇನ್ನೊಂದು ಕಡೆ ದಾರಿ ಹುಡುಕುತ್ತದೆ. 2023ರ ಫೆಬ್ರುವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಬಲಿಯಾದ ಮೇಲೆ ಈ ಮಾಹಿತಿಯನ್ನು ಅರಣ್ಯ ಇಲಾಖೆಯ ಕಪಾಟಿನಲ್ಲಿ ಬಿಟ್ಟು ಸುಮ್ಮನಿರುವಂತಿಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬರುತ್ತೇನೆ. ಕಸ್ತೂರಿರಂಗನ್ ವರದಿ.

2013ರಲ್ಲಿ ಸಲ್ಲಿಕೆಯಾದ ಆ ವರದಿ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶವನ್ನು ಉಪಗ್ರಹ ಚಿತ್ರದ ಆಧಾರದಲ್ಲಿ ಗುರುತಿಸಿತು. ಗ್ರಾಮವೇ ಘಟಕ. ಒಂದು ಗ್ರಾಮದ ಶೇಕಡ 20 ಅಥವಾ ಹೆಚ್ಚು ಭಾಗ ನೈಸರ್ಗಿಕ ಹಸುರಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್. ಅದರಲ್ಲಿ ಸುಳ್ಯ, ಕಡಬದ ಗ್ರಾಮಗಳೂ ಇವೆ. 2014ರ ಮಾರ್ಚ್ 10ರಿಂದ ಕರಡು ಅಧಿಸೂಚನೆ ಮತ್ತೆ ಮತ್ತೆ ಬಂದಿದೆ, 2024ರ ಜುಲೈ 31ರಂದೂ ಬಂತು. ಪ್ರತಿ ಸಲ ಇಲ್ಲಿ ಸಭೆ, ಮೆರವಣಿಗೆ, ಪಂಚಾಯತ್‌ಗಳ ಆಕ್ಷೇಪಣಾ ನಿರ್ಣಯ. ಕಾಡು ಉಳಿಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಊರಿನ ಹೊಳೆ, ತೋಟ ಎರಡೂ ಕಾಡಿನ ಋಣದಲ್ಲಿವೆ. ಆದರೂ ಒಂದು ಮಾತು ನಿಜ. ಬಯಲುಸೀಮೆಯಂತೆ ಮನೆಗಳೆಲ್ಲ ಒಂದು ಕಡೆ, ಹೊಲ ಇನ್ನೊಂದು ಕಡೆ ಇರುವ ಗ್ರಾಮಗಳಲ್ಲ ನಮ್ಮವು. ಒಂದೇ ಗ್ರಾಮದಲ್ಲಿ ದಟ್ಟ ರಕ್ಷಿತಾರಣ್ಯ ಇದೆ, ನಾಲ್ಕು ತಲೆಮಾರಿನ ಅಡಿಕೆ ತೋಟ ಇದೆ, ರಬ್ಬರ್ ಇದೆ, ಕಾಲನಿ ಇದೆ. ಇಡೀ ಗ್ರಾಮಕ್ಕೆ ಒಂದೇ ಬಣ್ಣ ಬಳಿದಾಗ ಎರಡು ಬಗೆಯ ನಷ್ಟವಾಗುತ್ತದೆ. ರೈತನಿಗೆ ಭಯ ಹುಟ್ಟುತ್ತದೆ, ಆ ಭಯದಲ್ಲಿ ಕಾಡಿಗೆ ಇದ್ದ ಗೆಳೆಯರೂ ಇಲ್ಲವಾಗುತ್ತಾರೆ.

ಕೇರಳದಲ್ಲಿಯೂ ಇದೇ ಗಲಾಟೆ ಆಯಿತು. ಅಲ್ಲಿನ ಸರಕಾರ ಉಮ್ಮನ್ ವಿ. ಉಮ್ಮನ್ ಸಮಿತಿಯನ್ನು ನೇಮಿಸಿತು, ಬಳಿಕ ಪಂಚಾಯತ್ ಮಟ್ಟದಲ್ಲಿ ನೆಲ ನೋಡಿ, ಸರ್ವೆ ನಕ್ಷೆಯ ಮೇಲೆ ಜನವಸತಿ ಮತ್ತು ತೋಟಗಳನ್ನು ಬೇರ್ಪಡಿಸಲಾಯಿತು. 13,108 ಚದರ ಕಿಲೋಮೀಟರ್ ಎಂದಿದ್ದದ್ದು ಕರಡು ಅಧಿಸೂಚನೆಯಲ್ಲಿ 9,993.7 ಆಯಿತು. ಕಡಿಮೆಯಾದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಾನು ತೋರಿಸುತ್ತಿರುವುದು ಉತ್ತರ ಕೊಟ್ಟ ಬಗೆಯನ್ನು. ನಾವು ನಿರ್ಣಯ ಕಳಿಸಿದೆವು, ಅವರು ನಕ್ಷೆ ಕಳಿಸಿದರು. ದಿಲ್ಲಿಯ ಮೇಜಿನ ಮೇಲೆ ಯಾವುದಕ್ಕೆ ತೂಕ ಬಂತೆಂದು ಅಂಕಿಯೇ ಹೇಳುತ್ತದೆ. ಕೇರಳಕ್ಕೆ ಇದರ ಅಭ್ಯಾಸ ಮೊದಲೇ ಇತ್ತು. 1990ರ ದಶಕದ ಆರಂಭದಲ್ಲಿಯೇ ಭೂವಿಜ್ಞಾನ ಅಧ್ಯಯನ ಕೇಂದ್ರ ಮತ್ತು ಶಾಸ್ತ್ರ ಸಾಹಿತ್ಯ ಪರಿಷತ್ ಸೇರಿ, ಕಣ್ಣೂರಿನ ಕಲ್ಯಾಶ್ಶೇರಿಯಂಥ ಪಂಚಾಯತ್‌ಗಳಲ್ಲಿ ಊರಿನವರಿಂದಲೇ ಸಂಪನ್ಮೂಲ ನಕ್ಷೆ ಬರೆಯಿಸಿದ್ದವು.

ಇಷ್ಟು ಕೇಳಿದ ಮೇಲೂ ಇಲ್ಲಿನ ಕೆಲವರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ನಕ್ಷೆ ಮಾಡಿ ಕೊಟ್ಟರೆ ನಮ್ಮ ಜಾಗವೇ ಹೋದರೆ? ಈ ಅಳುಕಿಗೆ ಕಾರಣವಿದೆ. ವರ್ಗ ಜಾಗದ ಸುತ್ತ ನೂರು ಗಜದ ಕುಮ್ಕಿಯಲ್ಲಿ ಸೊಪ್ಪು ಸೌದೆ ತರುವ ಹಕ್ಕನ್ನು ನಂಬಿ ಬದುಕಿದ ಮನೆಗಳಿವೆ. ಅಕ್ರಮ ಸಕ್ರಮದ ಅರ್ಜಿ ಹಾಕಿ ಕಾದವರಿದ್ದಾರೆ. ಮಂಜೂರಾದ ಮೇಲೂ ಪ್ಲಾಟಿಂಗ್ ಆಗದೆ, ಒಂದೇ ಸರ್ವೆ ನಂಬರಿನಲ್ಲಿ ಇರುವುದಕ್ಕಿಂತ ಹೆಚ್ಚು ಜಾಗ ಕಾಗದದಲ್ಲಿ ಹಂಚಿಹೋಗಿ, ಬ್ಯಾಂಕಿನ ಸಾಲಕ್ಕೂ ಪಾಲು ಪಟ್ಟಿಗೂ ತೊಡಕಾಗಿ ಕೂತವರಿದ್ದಾರೆ. ಅರಣ್ಯ ಮತ್ತು ಕಂದಾಯದವರ ಜಂಟಿ ಸರ್ವೆ ಆಗಲಿ ಎಂದು ಕೇಳುತ್ತ ಒಂದು ತಲೆಮಾರು ಮುದಿಯಾಯಿತು. ದಿಶಾಂಕ್ ಆ್ಯಪ್ ತೆರೆದು ತೋಟದಲ್ಲಿ ನಿಂತರೆ ಸರ್ವೆ ನಂಬರು ಬರುತ್ತದೆ. ಬಹಳ ಉಪಯೋಗದ ಆ್ಯಪ್ ಅದು. ಆದರೆ ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದರಿಂದ ಗೆರೆ ಅಲ್ಲಲ್ಲಿ ಸರಿದು ಕಾಣುತ್ತದೆ. ಮನೆಯ ನಡುವೆ ಅರಣ್ಯದ ಗೆರೆ ಹಾದದ್ದನ್ನು ಮೊಬೈಲಿನಲ್ಲಿ ಕಂಡವನಿಗೆ ರಾತ್ರಿ ನಿದ್ದೆ ಬರುವುದು ಹೇಗೆ?

ಆದ್ದರಿಂದ ಸಾಮಾನ್ಯ ನಕ್ಷೆಗೆ ಕೆಲವು ಕಟ್ಟುಪಾಡುಗಳು ಮೊದಲೇ ಬೇಕು. ಯಾರ ಜಾಗ ಎಷ್ಟು ಎಂಬುದು ಅದರಲ್ಲಿ ಬರಬಾರದು. ಅದು ಕಂದಾಯ ಇಲಾಖೆಯ ಕೆಲಸ, ಅಲ್ಲಿಯೇ ಇರಲಿ. ನಡೆಯಲಾಗದವರ ಮನೆಯ ಗುರುತು ವಿಪತ್ತಿನ ಹೊತ್ತಿನಲ್ಲಿ ನಿಗದಿತ ಕೆಲವರಿಗೆ ಮಾತ್ರ ಕಾಣಬೇಕು. ಕಾಡಿನೊಳಗಿನ ಅಪರೂಪದ ಗಿಡಗಳ ಜಾಗ ಬಹಿರಂಗವಾಗಬಾರದು; ಬೇರು ಕೀಳಲು ಬರುವವರಿಗೂ ನಕ್ಷೆ ಓದಲು ಬರುತ್ತದೆ. ಪ್ರತಿ ಗೆರೆಯ ಜೊತೆ ಯಾರು, ಯಾವಾಗ, ಹೇಗೆ ಗುರುತಿಸಿದರು ಎಂಬುದು ಬರೆದಿರಬೇಕು. ತಪ್ಪಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಲು, ತಿದ್ದಿಸಲು ದಾರಿ ಇರಬೇಕು. ಈ ಐದು ಮಾತು ಲಿಖಿತವಾಗಿ ಒಪ್ಪಿತವಾಗದೆ ನಕ್ಷೆಗೆ ಕೈ ಹಾಕುವುದೇ ಬೇಡ ಎನ್ನುತ್ತೇನೆ.

ಸರಕಾರದ ಬಳಿ ಸಲಕರಣೆಗಳಿಗೆ ಕೊರತೆಯಿಲ್ಲ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಕೆ-ಜಿಐಎಸ್ ನಡೆಸುತ್ತಿದೆ. ಇಸ್ರೋದ ಭುವನ್ ಇದೆ, ನರೇಗಾ ಕಾಮಗಾರಿಗೆಂದು ರೂಪಿಸಿದ ಯುಕ್ತಧಾರಾ ಇದೆ, ಪಂಚಾಯತ್‌ಗಳಿಗೆ ಗ್ರಾಮ ಮಾನಚಿತ್ರ ಇದೆ, 2020ರಿಂದ ಸ್ವಾಮಿತ್ವದ ಡ್ರೋನ್ ಸರ್ವೆ ಇದೆ. ಇವುಗಳಲ್ಲಿ ಹೆಚ್ಚಿನವುಗಳ ಹರಿವು ಕೆಳಗಿನಿಂದ ಮೇಲಕ್ಕೆ. ಪಂಚಾಯತ್‌ನವರು ಫೋಟೋ ತೆಗೆದು ಏರಿಸುತ್ತಾರೆ, ಬಿಲ್ಲು ಪಾಸಾಗುತ್ತದೆ. ಪಕ್ಕದ ಪಂಚಾಯತ್ ಏನು ಏರಿಸಿತು ಎಂದು ನೋಡುವ ಅಭ್ಯಾಸ ಬೆಳೆದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೊಂದು ಏರ್ಪಾಡು ಇದೆ. ಪ್ರತಿ ಸ್ಥಳೀಯ ಆಡಳಿತ ತನ್ನ ವ್ಯಾಪ್ತಿಯ ವಿಳಾಸ, ಕಟ್ಟಡಗಳ ಪಟ್ಟಿಯನ್ನು ತಾನೇ ನೋಡಿಕೊಳ್ಳುತ್ತದೆ. ಸ್ಥಳೀಯ ಸಂಸ್ಥೆಗಳ ಒಕ್ಕೂಟ ಮತ್ತು ಆರ್ಡ್ನೆನ್ಸ್ ಸರ್ವೆ ಸೇರಿ ನಡೆಸುವ ಜಿಯೋಪ್ಲೇಸ್ ಅವನ್ನೆಲ್ಲ ಒಂದಾಗಿ ಹೊಲಿಯುತ್ತದೆ. ಪ್ರತಿ ಕಟ್ಟಡಕ್ಕೂ ಬದಲಾಗದ ಒಂದು ಸಂಖ್ಯೆ ಇದೆ. ಅಮೆರಿಕದ ಮಿನಿಯಾಪೊಲಿಸ್ ಸುತ್ತಲಿನ ಏಳು ಕೌಂಟಿಗಳು ತಮ್ಮ ನಿವೇಶನಗಳ ನಕ್ಷೆಯನ್ನು ಒಂದೇ ಮಾದರಿಗೆ ತಂದು ಹಂಚಿಕೊಂಡಿವೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ತೋಡುಗಳಲ್ಲಿ ಹಿಂದೆ ಸಾಲಾಗಿ ಕಟ್ಟ ಕಟ್ಟುತ್ತಿದ್ದರು, ಏತಡ್ಕದಂಥ ಕಡೆ ಇಂದಿಗೂ ಕಟ್ಟುತ್ತಾರೆ. ಪ್ರತಿ ಕಟ್ಟ ಅದರದರ ಬಳಿಯವರದ್ದು, ಮಣ್ಣು ಕಲ್ಲು ಅವರದ್ದೇ, ಆದರೆ ಮೇಲಿಂದ ಕೆಳಗಿನ ತನಕ ಕಟ್ಟಗಳು ನಿಂತರೆ ಮಾತ್ರ ತೋಡಿನುದ್ದಕ್ಕೆ ಬಾವಿಗಳಲ್ಲಿ ನೀರು ನಿಲ್ಲುತ್ತದೆ. ನಕ್ಷೆಯ ಪಾಲುಗಾರಿಕೆಯೂ ಈ ರೀತಿಯದ್ದೇ. ಯಾರೂ ತಮ್ಮ ಕಟ್ಟವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಿಲ್ಲ.

ಕಾನೂನಿನ ಅಡ್ಡಿಯೂ ಈಗ ಸಡಿಲಾಗಿದೆ. 2021ರ ಫೆಬ್ರುವರಿಯ ಮಾರ್ಗಸೂಚಿ, 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ನಕ್ಷೆ ಮಾಡಲು ಮೊದಲಿದ್ದ ಪರವಾನಗಿಗಳ ಹೊರೆ ಇಳಿಸಿದವು. ಸಂವಿಧಾನದ 243ಝಡ್‌ಡಿ ವಿಧಿಯಂತೆ ಜಿಲ್ಲಾ ಯೋಜನಾ ಸಮಿತಿ ಪಂಚಾಯತ್ ಮತ್ತು ನಗರಸಭೆಗಳ ಸಮಾನ ವಿಷಯಗಳನ್ನು, ನೆಲದ ಯೋಜನೆಯನ್ನು, ನೀರಿನ ಹಂಚಿಕೆಯನ್ನು ಗಮನಕ್ಕೆ ತೆಗೆದುಕೊಳ್ಳಲೇಬೇಕು. ಒಂದೇ ನಕ್ಷೆ ಇಲ್ಲದೆ ಅದು ಗಮನಿಸುವುದಾದರೂ ಏನನ್ನು?

ಮೊದಲ ವರ್ಷಕ್ಕೆ ಹೆಚ್ಚು ಹಚ್ಚಿಕೊಳ್ಳುವುದು ಬೇಡ. ಎರಡೂ ಸಂಪಾಜೆ, ಅರಂತೋಡು, ಚೆಂಬು ಇವು ಪಯಸ್ವಿನಿಯ ಮೇಲ್ಭಾಗಕ್ಕೆ. ಸುಬ್ರಹ್ಮಣ್ಯ, ಹರಿಹರ, ಕೊಲ್ಲಮೊಗ್ರು ಇವು ಕುಮಾರಧಾರೆಯ ಕಡೆಗೆ. ಈ ಪಂಚಾಯತ್‌ಗಳು ಮುಂದಿನ ಮಳೆಗಾಲಕ್ಕೆ ಮೊದಲು ಜರಿಯುವ ಬರೆ, ಮುಳುಗುವ ಸಂಕ, ಕಾಳಜಿ ಕೇಂದ್ರ ಮಾಡಬಹುದಾದ ಕಟ್ಟಡ ಇವು ಮೂರನ್ನು ಮಾತ್ರ ಗುರುತಿಸಲಿ. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡದ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಸುಳ್ಯ, ಪುತ್ತೂರಿನ ಕಾಲೇಜುಗಳ ವಿದ್ಯಾರ್ಥಿಗಳು ವಾರ್ಡಿನ ಸದಸ್ಯರ ಜೊತೆ ನಡೆದು ಬಿಂದುಗಳನ್ನು ಹಾಕಲಿ, ಪಿಡಿಒಗಳು ಸಹಿ ಮಾಡಲಿ. ಡಿಸೆಂಬರಿನಲ್ಲಿ ತೋಡುಗಳು ಇಳಿದಿರುತ್ತವೆ, ಗುಡ್ಡೆ ಹತ್ತಲು ಕಷ್ಟವಿಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ಭಾನುವಾರಗಳನ್ನಾದರೂ ಬಿಡಿಸಿಕೊಳ್ಳಬಹುದು. ಇಂದು ಈ ಸಭೆಯಲ್ಲಿ ಆ ಪಂಚಾಯತ್‌ಗಳ ಸದಸ್ಯರಿದ್ದೀರಿ. ಊಟಕ್ಕೆ ಏಳುವ ಮೊದಲು ಮೊದಲ ಭಾನುವಾರ ಯಾವುದೆಂದು ಮಾತಾಡಿಕೊಳ್ಳಿ. ಗೋಡೆಗೆ ಹಾಕಲು ಎರಡೂ ಸಂಪಾಜೆಗಳ ಗ್ರಾಮನಕ್ಷೆಯ ಪ್ರತಿಗಳನ್ನು ನಾನು ತಂದಿದ್ದೇನೆ, ಒಂದೇ ಪ್ರಮಾಣಕ್ಕೆ ತಂದು ಅಂಟಿಸಿದ್ದೇನೆ. ತಪ್ಪು ಕಂಡಲ್ಲಿ ಗುರುತು ಹಾಕಲು ಪಕ್ಕದಲ್ಲಿ ಪೆನ್ಸಿಲ್ ಇಟ್ಟಿದೆ.